ಕೇಳುವ ಸ್ವಾತಂತ್ರ್ಯ: ಗೋಪಾಳ ಗಣೇಶ ಆಗರಕರರ ಬಾಳು ಮತ್ತು ಬರಹ

(ಗುಂಜೋಟಿಯಲ್ಲಿ ಶಾಲೆಯ ಶತಮಾನೋತ್ಸವದ ನಿಮಿತ್ತ ಮಾಡಿದ ಉಪನ್ಯಾಸದ ಬರಹರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ನಿಂತವರು ಹಿಂದಿನದನ್ನು ಕೊಂಡಾಡುವುದು ವಾಡಿಕೆ. ಮರಾಠವಾಡದ ಈ ಅಂಚಿನಲ್ಲಿ ಒಂದು ಕನ್ನಡ ಶಾಲೆ ನೂರು ವರ್ಷ ಬಾಳಿತೆಂಬುದೇ ಕೊಂಡಾಟಕ್ಕೆ ಸಾಕಾಗುವ ಸಂಗತಿ. ಆದರೆ ಅದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ಸಭೆಯಲ್ಲಿದ್ದಾರೆ. ನಮಗೆ ವಹಿಸಿದ ಕೆಲಸ ಒಬ್ಬ ವಿಚಾರವಂತರ ಪರಿಚಯ ಮಾಡಿಕೊಡುವುದು. ನಾವು ಆರಿಸಿಕೊಂಡವರು ಗೋಪಾಳ ಗಣೇಶ ಆಗರಕರರು. ಕನ್ನಡ ಶಾಲೆಯ ಹಬ್ಬದಲ್ಲಿ ಮರಾಠಿ ಬರಹಗಾರರೇಕೆ ಎಂದು ನೀವು ಕೇಳಬಹುದು. ಅವಶ್ಯವಾಗಿ ಕೇಳಿರಿ. ಹಾಗೆ ಕೇಳುವ ಹಕ್ಕನ್ನು ಕುರಿತೇ ಆ ಮಹನೀಯರು ಬಾಳಿನುದ್ದಕ್ಕೂ ಬರೆದರು.

ಈ ಊರಿಗೆ ಸ್ವಾತಂತ್ರ್ಯವೆಂಬ ಮಾತು ಹೊಸದಲ್ಲ. ಹೈದರಾಬಾದ್ ಸಂಸ್ಥಾನದ ಹೋರಾಟದಲ್ಲಿ ಹುತಾತ್ಮರೆಂದು ನೆನೆಯಲಾಗುವ ವೇದಪ್ರಕಾಶರು ಇದೇ ಗುಂಜೋಟಿಯವರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಪ್ರತಿವರ್ಷ ಆ ದಿನ ಧ್ವಜವೇರಿಸಿ ಸಂಭ್ರಮಿಸುತ್ತೇವೆ. ಅರಸನಿಂದ ಬಿಡುಗಡೆ ಪಡೆದ ದಿನಕ್ಕೆ ಒಂದು ತಾರೀಖು ಇದೆ. ಮನೆಯೊಳಗಿನ, ಜಾತಿಯೊಳಗಿನ, ನಮ್ಮದೇ ರೂಢಿಗಳ ಹಿಡಿತದಿಂದ ಬಿಡುಗಡೆ ಪಡೆದ ದಿನದ ತಾರೀಖನ್ನು ಮಾತ್ರ ಯಾರೂ ಹೇಳಲಾರರು. ಈ ಎರಡನೆಯ ಬಿಡುಗಡೆಯನ್ನು ನಮ್ಮ ಸೀಮೆಯಲ್ಲಿ ಅತ್ಯಂತ ನಿರ್ಭಿಡೆಯಿಂದ ಕೇಳಿದ ಮೊದಲಿಗರಲ್ಲಿ ಆಗರಕರರೊಬ್ಬರು.

ಅವರು ಹುಟ್ಟಿದ್ದು 1856ರ ಜುಲೈ 14ರಂದು, ಸಾತಾರಾ ಜಿಲ್ಲೆಯ ಕರಾಡದ ಬಳಿಯ ಟೆಂಭೂ ಎಂಬ ಹಳ್ಳಿಯಲ್ಲಿ. ಇಂದು ಟೆಂಭೂ ಎಂದರೆ ಬರಗಾಲದ ತಾಲೂಕುಗಳಿಗೆ ಕೃಷ್ಣೆಯ ನೀರನ್ನು ಎತ್ತಿ ಒಯ್ಯುವ ಯೋಜನೆ ನೆನಪಾಗುತ್ತದೆ. ಅದೇ ಕೃಷ್ಣೆ ಮುಂದೆ ನಮ್ಮ ಕನ್ನಡನಾಡಿಗೆ ಹರಿದು ಬರುತ್ತಾಳೆ. ಆ ಹೊಳೆಯ ದಂಡೆಯ ಬಡ ಬ್ರಾಹ್ಮಣ ಮನೆಯೊಂದರಲ್ಲಿ ಬೆಳೆದ ಹುಡುಗನಿಗೆ ಓದಿನ ದಾರಿ ಸುಲಭವಾಗಿರಲಿಲ್ಲ. ಕರಾಡ, ರತ್ನಾಗಿರಿ, ಅಕೋಲಾ ಎಂದು ಊರೂರು ಅಲೆದು, ನಡುನಡುವೆ ಕಚೇರಿಯಲ್ಲಿ ಕಾರಕೂನಿಕೆ ಮಾಡಿ, ಬಂಧುಗಳ ಹಾಗೂ ಗುರುಗಳ ಆಶ್ರಯದಲ್ಲಿ ಕಲಿತು, ಕೊನೆಗೆ ಪುಣೆಯ ಡೆಕ್ಕನ್ ಕಾಲೇಜನ್ನು ಮುಟ್ಟಿದರು. ಅವರಿಗಿದ್ದುದು ಒಂದೇ ಅಂಗಿ, ಅದನ್ನು ರಾತ್ರಿ ಒಗೆದು ಹಾಕಿ ಮುಂಜಾನೆ ತೊಡುತ್ತಿದ್ದರು ಎಂಬ ಮಾತು ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ.

ಇಷ್ಟು ಕಷ್ಟಪಟ್ಟು ಎಂ.ಎ. ಕಲಿತವನಿಂದ ಮನೆಯವರು ಏನನ್ನು ನಿರೀಕ್ಷಿಸುತ್ತಾರೆಂಬುದನ್ನು ಇಲ್ಲಿ ಕುಳಿತ ತಂದೆತಾಯಿಗಳಿಗೆ ವಿವರಿಸಬೇಕಾಗಿಲ್ಲ. ಆಗರಕರರು ಮಾತ್ರ ಪರೀಕ್ಷೆಗೆ ಮೊದಲೇ ತಾಯಿಗೆ ಪತ್ರ ಬರೆದರು. ಮಗನಿಗೆ ದೊಡ್ಡ ಸಂಬಳದ ಹುದ್ದೆ ಸಿಕ್ಕೀತೆಂಬ ಆಸೆ ಇಟ್ಟುಕೊಳ್ಳಬೇಡ, ಹೊಟ್ಟೆಗೆ ಸಾಲುವಷ್ಟು ಗಳಿಸಿ ಉಳಿದ ಕಾಲವನ್ನೆಲ್ಲ ಪರಹಿತಕ್ಕೆ ಕೊಡುವವನಿದ್ದೇನೆ ಎಂಬುದು ಆ ಪತ್ರದ ಸಾರ. ಕಾಲೇಜಿನಲ್ಲಿ ಅವರಿಗೆ ಬಾಲ ಗಂಗಾಧರ ಟಿಳಕರ ಗೆಳೆತನವಾಯಿತು. 1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳ್ತನದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಗಿತ್ತು, ಎಂ.ಎ. ಮುಗಿಸಿದ ಆಗರಕರರೂ ಅಲ್ಲಿ ಮಾಸ್ತರರಾಗಿ ಸೇರಿದರು. 1881ರ ಜನವರಿಯಲ್ಲಿ ‘ಕೇಸರಿ’ ಹಾಗೂ ‘ಮರಾಠಾ’ ಪತ್ರಿಕೆಗಳು ಹೊರಟವು. ಕೇಸರಿಯ ಮೊದಲ ಸಂಪಾದಕರು ಆಗರಕರರೇ. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಸ್ಥಾಪನೆಯಾದವು. ಶಾಲೆಯೂ ಪತ್ರಿಕೆಯೂ ಅವರಿಗೆ ಒಂದೇ ಕೆಲಸದ ಎರಡು ಮುಖಗಳಾಗಿದ್ದವು.

ಬರಹಕ್ಕೆ ತೆರಬೇಕಾದ ಬೆಲೆ ಬೇಗನೆ ತಿಳಿಯಿತು. ಕೊಲ್ಹಾಪುರದ ಎಳೆಯ ಮಹಾರಾಜರನ್ನು ದಿವಾನರು ಪೀಡಿಸುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಬರೆದದ್ದಕ್ಕೆ ಮಾನಹಾನಿಯ ಮೊಕದ್ದಮೆ ನಡೆಯಿತು. ಆಧಾರವಾಗಿ ನಂಬಿದ್ದ ಕಾಗದಗಳು ಖೋಟಾ ಎಂದು ಠರಾವಾಯಿತು. ಟಿಳಕರಿಗೂ ಆಗರಕರರಿಗೂ ನಾಲ್ಕು ತಿಂಗಳ ಸಜೆಯಾಯಿತು. ಜಾಮೀನಿನ ಹೊತ್ತಿಗೆ ನೆರವಿಗೆ ಬಂದವರು ಮಹಾತ್ಮಾ ಜ್ಯೋತಿಬಾ ಫುಲೆಯವರು. ಮುಂಬಯಿಯ ಡೋಂಗರಿಯ ತುರಂಗದಲ್ಲಿ ಗೆಳೆಯರಿಬ್ಬರೂ 101 ದಿನ ಕಳೆದು 1882ರ ಅಕ್ಟೋಬರ್ 26ರಂದು ಹೊರಬಂದರು. ಆ ದಿನಗಳ ಅನುಭವವನ್ನು ಆಗರಕರರು ಪುಸ್ತಕವಾಗಿ ಬರೆದಿದ್ದಾರೆ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ‘ವಿಕಾರವಿಲಸಿತ’ ಎಂಬ ಹೆಸರಿನಲ್ಲಿ ಮರಾಠಿಗೆ ತಂದದ್ದೂ ಇದೇ ಕಾಲದ ಕೆಲಸ.

ಸೆರೆಮನೆಯಲ್ಲಿ ಆ ಗೆಳೆಯರು ರಾತ್ರಿಯೆಲ್ಲ ವಾದಿಸುತ್ತಿದ್ದರು. ದೇಶಕ್ಕೆ ಮೊದಲು ಬೇಕಾದದ್ದು ಯಾವುದು, ಪರರ ಆಳ್ವಿಕೆಯಿಂದ ಬಿಡುಗಡೆಯೋ, ನಮ್ಮ ಸಮಾಜದ ಅನ್ಯಾಯಗಳಿಂದ ಬಿಡುಗಡೆಯೋ ಎಂಬುದು ಆ ವಾದದ ತಿರುಳು. ಮೊದಲು ರಾಜ್ಯ ನಮ್ಮ ಕೈಗೆ ಬರಲಿ, ಮನೆಯ ಕೊಳೆಯನ್ನು ಆಮೇಲೆ ನಾವೇ ತೊಳೆದುಕೊಳ್ಳೋಣ, ಪರಕೀಯರ ಕಾಯ್ದೆ ನಮ್ಮ ಮನೆಯೊಳಗೆ ಕೈಹಾಕುವುದು ಬೇಡ ಎಂದು ಟಿಳಕರ ನಿಲುವು. ಆಗರಕರರು ಅದನ್ನು ಒಪ್ಪಲಿಲ್ಲ. ಜಾನ್ ಸ್ಟುವರ್ಟ್ ಮಿಲ್ ಮತ್ತು ಹರ್ಬರ್ಟ್ ಸ್ಪೆನ್ಸರರನ್ನು ಅವರು ಆಳವಾಗಿ ಓದಿದ್ದರು. ಇನ್ನೊಬ್ಬರಿಗೆ ಕೇಡಾಗದಂತೆ ಬಾಳುವ ವ್ಯಕ್ತಿಯನ್ನು ತಡೆಯುವ ಅಧಿಕಾರ ಅರಸನಿಗೂ ಇಲ್ಲ, ಸಮಾಜಕ್ಕೂ ಇಲ್ಲವೆಂದು ಮಿಲ್ 1859ರಲ್ಲಿಯೇ ಬರೆದಿದ್ದರು. ಅರಸನ ದಬ್ಬಾಳಿಕೆಗಿಂತ ಸಮಾಜದ ದಬ್ಬಾಳಿಕೆ ಹೆಚ್ಚು ಬಿಗಿಯಾದದ್ದು, ಏಕೆಂದರೆ ಅದು ಅಡುಗೆಮನೆಯವರೆಗೂ ಬರುತ್ತದೆ ಎಂಬ ಅರಿವನ್ನು ಆಗರಕರರು ಮರಾಠಿಯ ಮನೆಮಾತಿಗೆ ಇಳಿಸಿದರು. ಅವರನ್ನು ವ್ಯಕ್ತಿಸ್ವಾತಂತ್ರ್ಯವಾದಿ ಎಂದು ನಾವು ಕರೆಯುವುದು ಈ ಅರ್ಥದಲ್ಲಿ.

ಈ ಭೇದ ಬಯಲಿಗೆ ಬಂದದ್ದು ರಖಮಾಬಾಯಿಯವರ ಮೊಕದ್ದಮೆಯ ಕಾಲದಲ್ಲಿ. 11ನೆಯ ವಯಸ್ಸಿನಲ್ಲಿ ಮದುವೆಯಾಗಿ, ತವರಿನಲ್ಲಿಯೇ ಬೆಳೆದ ರಖಮಾಬಾಯಿ, ತನ್ನ ಸಮ್ಮತಿಯಿಲ್ಲದೆ ನಡೆದ ಮದುವೆಯ ಗಂಡನ ಮನೆಗೆ ಹೋಗಲೊಲ್ಲೆನೆಂದರು. 1887ರಲ್ಲಿ ಮುಂಬಯಿಯ ನ್ಯಾಯಾಲಯ ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ತುರಂಗಕ್ಕೆ ಹೋಗು ಎಂದಿತು. ತುರಂಗವೇ ಲೇಸೆಂದರು ಆಕೆ. ಮರುವರ್ಷ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಮುಂದೆ ಆಕೆ ವಿಲಾಯತಿಗೆ ಹೋಗಿ ವೈದ್ಯ ಶಿಕ್ಷಣ ಪಡೆದು ಬಂದು, ದೀರ್ಘಕಾಲ ಡಾಕ್ಟರರಾಗಿ ಸೇವೆ ಸಲ್ಲಿಸಿದರು. ಟಿಳಕರು ಆಕೆಯ ವಿರುದ್ಧ ನಿಂತರು; ಆಗರಕರರು ಆಕೆಯ ಪಕ್ಷ ವಹಿಸಿದರು. ಇಂಥ ಪ್ರಶ್ನೆಗಳ ಮೇಲೆ ಮನಸ್ಸುಗಳು ಮುರಿದು, 1887ರಲ್ಲಿ ಆಗರಕರರು ಕೇಸರಿಯನ್ನು ಬಿಟ್ಟರು. 1888ರ ಅಕ್ಟೋಬರಿನಲ್ಲಿ ‘ಸುಧಾರಕ’ ಪತ್ರಿಕೆಯನ್ನು ಆರಂಭಿಸಿದರು. ಅದರ ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ತರುಣ ಗೋಪಾಳ ಕೃಷ್ಣ ಗೋಖಲೆ. ಮರಾಠಿ ಭಾಗ ಆಗರಕರರದು. ಸರಿಯೆಂದು ಕಂಡದ್ದನ್ನು ಹೇಳುವುದು, ಸಾಧ್ಯವಾದದ್ದನ್ನು ಮಾಡುವುದು ಎಂಬುದು ಅವರು ಹಾಕಿಕೊಂಡ ವ್ರತ.

ಸುಧಾರಕದ ಬರಹಗಳನ್ನು ಇಂದು ಓದುವವರಿಗೆ ಮೊದಲು ಆಶ್ಚರ್ಯವೆನಿಸುವುದು ಅವರು ಎತ್ತಿಕೊಂಡ ವಿಷಯಗಳು. ವಿಧವೆಯರ ತಲೆ ಬೋಳಿಸುವುದು, ಮಡಿ-ಮೈಲಿಗೆ, ಬಾಲ್ಯವಿವಾಹ, ಅಸ್ಪೃಶ್ಯತೆ, ಹೆಂಗಸರ ಹಾಗೂ ಗಂಡಸರ ಉಡುಪು: ಎಲ್ಲವೂ ದಿನದಿನವೂ ಕಣ್ಣೆದುರಿಗಿದ್ದು ಯಾರ ಕಣ್ಣಿಗೂ ಬೀಳದಿದ್ದ ಸಂಗತಿಗಳು. ಅವರ ಕ್ರಮ ಸರಳವಾದದ್ದು. ಒಂದು ರೂಢಿಯನ್ನು ಎತ್ತಿಕೊಂಡು, ಇದು ಎಂದು ಹುಟ್ಟಿತು, ಯಾವ ಅಗತ್ಯಕ್ಕಾಗಿ ಹುಟ್ಟಿತು, ಆ ಅಗತ್ಯ ಇಂದಿಗೂ ಉಂಟೆ, ಇದರಿಂದ ಸುಖ ಯಾರಿಗೆ, ದುಃಖ ಯಾರಿಗೆ ಎಂದು ಕೇಳುವುದು. ಶಾಸ್ತ್ರದಲ್ಲಿದೆ ಎಂಬುದು ಅವರಿಗೆ ಉತ್ತರವಾಗಲಿಲ್ಲ. ಶಾಸ್ತ್ರವಚನಗಳಲ್ಲಿಯೇ ಸುಧಾರಣೆಗೆ ಆಧಾರ ಹುಡುಕುವ ಸಮಕಾಲೀನರ ಮಾರ್ಗವೂ ಅವರಿಗೆ ಒಗ್ಗಲಿಲ್ಲ. ಒಳ್ಳೆಯದು ಒಳ್ಳೆಯದೆಂಬ ಕಾರಣಕ್ಕೇ ಒಪ್ಪಿಗೆಯಾಗಬೇಕು, ಗ್ರಂಥದ ರುಜುವಿನಿಂದಲ್ಲ ಎಂಬುದು ಅವರ ಹಟ. ಹಾಗೆಂದು ಇಂಗ್ಲಿಷರ ಕುರುಡು ಅನುಕರಣೆಯನ್ನೂ ಅವರು ಬಯಸಲಿಲ್ಲ. ಬೇರನ್ನು ಕಾಯ್ದುಕೊಂಡೇ ಹೊಸ ವಿಚಾರಗಳನ್ನು ಅರಗಿಸಿಕೊಳ್ಳುವ ಸಮಾಜ ಅವರ ಕನಸು.

ಶಿಕ್ಷಣದ ಬಗೆಗಿನ ಎರಡು ಲೇಖನಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಒಂದರಲ್ಲಿ ಹೆಣ್ಣುಮಕ್ಕಳಿಗೆ ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳುವಂಥ ವಿದ್ಯೆ ಕೊಡಬೇಕೆಂದು ವಾದಿಸಿದರು. ಇನ್ನೊಂದರಲ್ಲಿ ಗಂಡುಹೆಣ್ಣುಗಳಿಗೆ ಒಂದೇ ಶಿಕ್ಷಣ, ಅದೂ ಒಂದೇ ಕಡೆ ಕೂಡಿಸಿ ಕೊಡಬೇಕೆಂದರು. ಹುಡುಗಿಗೆ ಓದು ಬರಹ ಬೇಕೆಂದು ಹೇಳಿದವರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಒಳ್ಳೆಯ ಗೃಹಿಣಿಯಾಗಲು ಬೇಕೆಂದು ಅವರಲ್ಲಿ ಅನೇಕರ ಕಾರಣ. ಆಗರಕರರ ಕಾರಣ ಬೇರೆ. ತನ್ನ ಅನ್ನಕ್ಕೆ ಇನ್ನೊಬ್ಬರ ಕೈ ನೋಡುವವರು ಬೇಡವೆನ್ನುವ ಧೈರ್ಯವನ್ನು ಎಲ್ಲಿಂದ ತರಬೇಕು? ಸ್ವಾತಂತ್ರ್ಯದ ಮಾತನ್ನು ಅವರು ರೊಟ್ಟಿಯಿಂದ ಆರಂಭಿಸಿದರು. ‘ಗುಲಾಮಾಂಚೆ ರಾಷ್ಟ್ರ’ ಎಂಬ ಲೇಖನವನ್ನು ಬರೆದವರೂ ಅವರೇ. ಮನೆಯಲ್ಲಿ, ಜಾತಿಯಲ್ಲಿ, ಮಠಮಂದಿರದಲ್ಲಿ ಬಾಗುವುದನ್ನೇ ಕಲಿತ ಬೆನ್ನು ರಾಜಸಭೆಯಲ್ಲಿ ಮಾತ್ರ ಹೇಗೆ ನೆಟ್ಟಗೆ ನಿಲ್ಲುತ್ತದೆಂಬ ಪ್ರಶ್ನೆಯನ್ನು ಅವರ ಬರಹ ಮತ್ತೆ ಮತ್ತೆ ನಮ್ಮ ಮುಂದಿಡುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ವ್ಯಕ್ತಿಯ ಸ್ವಾತಂತ್ರ್ಯವನ್ನು ಇಷ್ಟು ಗೌರವಿಸುವವರು ಸರಕಾರದ ಕಾಯ್ದೆಯನ್ನು ಬೆಂಬಲಿಸಬಹುದೆ? 1891ರಲ್ಲಿ ಸಮ್ಮತಿ ವಯಸ್ಸಿನ ಮಸೂದೆ ಬಂದಾಗ ಈ ಪ್ರಶ್ನೆ ಎದುರಾಯಿತು. ಬಂಗಾಲದಲ್ಲಿ ಫುಲಮಣಿ ಎಂಬ ಎಳೆಯ ಹುಡುಗಿ ಗಂಡನ ಕೈಯಲ್ಲಿ ಸತ್ತ ಮೇಲೆ, ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಆಲೋಚನೆ ಬಲಗೊಂಡಿತ್ತು. ಧರ್ಮದಲ್ಲಿ ಕೈಹಾಕುತ್ತಾರೆಂದು ಪುಣೆ ಕೆರಳಿತು. ಆಗರಕರರು ಮಸೂದೆಯ ಪರವಾಗಿ ನಿಂತರು. ಅದರಲ್ಲಿ ವಿರೋಧಾಭಾಸವೇನೂ ನಮಗೆ ಕಾಣುವುದಿಲ್ಲ. ಬಲಿತ ಮನುಷ್ಯನನ್ನು ಮಾತಿನಿಂದ ಒಲಿಸಬೇಕು, ಬಲದಿಂದಲ್ಲ. ಆದರೆ ಹತ್ತು ವರ್ಷದ ಕೂಸಿನ ಸಮ್ಮತಿಯನ್ನು ಕೇಳಿದವರು ಯಾರು? ಕೇಳದೆಯೇ ಅದರ ಬಾಳನ್ನು ತೀರ್ಮಾನಿಸುವುದನ್ನು ತಂದೆಯ ಸ್ವಾತಂತ್ರ್ಯವೆಂದು ಕರೆದರೆ, ಮಗಳ ಸ್ವಾತಂತ್ರ್ಯವನ್ನು ಯಾವ ಹೆಸರಿನಿಂದ ಕರೆಯಬೇಕು? ಕಾಯ್ದೆ ಅಂಥಲ್ಲಿ ಬಾಯಿಲ್ಲದವರ ಬಾಯಿಯಾಗುತ್ತದೆ.

ಪುಣೆಯ ಸನಾತನಿಗಳು ಅವರನ್ನು ಕ್ಷಮಿಸಲಿಲ್ಲ. ಆಗರಕರರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ತೆಗೆದರು. ತನ್ನ ಹೆಣವನ್ನು ತಾನೇ ಕಂಡ ಆ ಮನುಷ್ಯ ಮರುವಾರದ ಸಂಚಿಕೆಗೆ ಬರೆಯುವುದನ್ನು ನಿಲ್ಲಿಸಲಿಲ್ಲ. ಇನ್ನೊಬ್ಬರ ಮೇಲೆ ಹೇರುವುದನ್ನೂ ಕಲಿಯಲಿಲ್ಲ. ದೇವರಿದ್ದಾನೆಂದು ಅವರಿಗೆ ಖಾತ್ರಿಯಿರಲಿಲ್ಲ. ಪತ್ನಿ ಯಶೋದಾಬಾಯಿಯವರು ಶ್ರದ್ಧಾವಂತರು. ಮನೆಯಲ್ಲಿ ಆಕೆಯ ಪೂಜೆ ವ್ರತಗಳಿಗೆ ಅವರು ಅಡ್ಡಿಯಾಗಲಿಲ್ಲವೆಂದು ಹೇಳುತ್ತಾರೆ. ಊರಿನವರಿಗೆ ಉಪದೇಶಿಸುವ ಸ್ವಾತಂತ್ರ್ಯವನ್ನು ಮನೆಯವರಿಗೂ ಕೊಟ್ಟವರು ಎಷ್ಟು ಜನ ಸಿಕ್ಕಾರು?

1892ರಲ್ಲಿ ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾದರು. ದಮ್ಮಿನ ಬೇನೆ ಮೊದಲಿನಿಂದಲೂ ಕಾಡುತ್ತಿತ್ತು. 1895ರ ಜೂನ್ 17ರಂದು, 39 ತುಂಬಲು ಇನ್ನೂ ಒಂದು ತಿಂಗಳು ಬಾಕಿಯಿರುವಾಗ, ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯ ಖರ್ಚಿಗೆಂದು ಒಂದಿಷ್ಟು ಹಣವನ್ನು ಚೀಟಿಯೊಡನೆ ಕಟ್ಟಿಟ್ಟಿದ್ದರೆಂದು ಹೇಳುತ್ತಾರೆ. ಯಾರಿಗೂ ಭಾರವಾಗದೆ ಹೋಗಬೇಕೆಂದು ಅವರ ಇಚ್ಛೆ. ವರ್ಷಗಟ್ಟಲೆ ಎದುರಾಳಿಯಾಗಿದ್ದ ಟಿಳಕರೇ ಕೇಸರಿಯಲ್ಲಿ ಅವರ ಮರಣಲೇಖವನ್ನು ಬರೆದರು.

ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಹೇಳದಿದ್ದರೆ ಆಗರಕರರಿಗೇ ಅಪಚಾರ. ಅವರು ಎದುರಿಗಿಟ್ಟುಕೊಂಡ ಓದುಗರು ಬಹುಮಟ್ಟಿಗೆ ಪುಣೆಯ ಓದುಬಲ್ಲ ಮೇಲ್ಜಾತಿಯವರು. ಜಾತಿಭೇದವನ್ನು ಅವರು ಖಂಡಿಸಿದರೂ, ರೈತರ ಮತ್ತು ಅಸ್ಪೃಶ್ಯರ ಬಾಳನ್ನು ಒಳಗಿನಿಂದ ಕಂಡು 1873ರಲ್ಲಿ ‘ಗುಲಾಮಗಿರಿ’ ಬರೆದ ಜ್ಯೋತಿಬಾ ಫುಲೆಯವರ ಬರಹದ ಬಿಸಿ ಬೇರೆ. ಒಬ್ಬರು ಮೇಲಿನ ಅಟ್ಟದಲ್ಲಿ ನಿಂತು ಕಿಟಕಿ ತೆರೆದರು. ಇನ್ನೊಬ್ಬರು ಕೆಳಗಿನಿಂದ ಬಾಗಿಲು ಬಡಿದರು. ಮನೆಗೆ ಗಾಳಿ ಬಂದದ್ದು ಇಬ್ಬರಿಂದಲೂ.

ಕನ್ನಡಿಗರಾದ ನಮಗೆ ಈ ಬಾಗಿಲು ಬಡಿಯುವ ಸದ್ದು ಹೊಸದೇ? ಇಲ್ಲಿಂದ ಬಸವಕಲ್ಯಾಣ ಎಷ್ಟು ದೂರವೆಂದು ನಿಮಗೆಲ್ಲ ಗೊತ್ತು. ಮುಂಜಾನೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮರಳಬಹುದು. ಆ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಸಮಗಾರರೂ ಅಂಬಿಗರೂ ಹೆಣ್ಣುಮಕ್ಕಳೂ ಕೂಡಿ ಕುಳಿತು, ದೇವಭಾಷೆಯಲ್ಲಲ್ಲ, ಆಡುಮಾತಿನಲ್ಲಿ ಪ್ರಶ್ನೆ ಕೇಳಿದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಗೆ ಎಂಥ ಬೆಲೆ ತೆತ್ತರೆಂಬ ಕಥೆಯನ್ನು ಪುರಾಣದಲ್ಲಿ ಕೇಳಿ ಬೆಳೆದವರು ನಾವು. ಮುಂದೆ ಆಗರಕರರು ತೀರಿದ ನಾಲ್ಕು ವರ್ಷಕ್ಕೆ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಬಾಲವಿಧವೆಯ ಮರುಮದುವೆಯ ಮಾತನ್ನು ಕನ್ನಡದಲ್ಲಿ ಎತ್ತಿದರು. ಒಬ್ಬರನ್ನೊಬ್ಬರು ಓದಿದ್ದರೆಂದು ನಾವು ಹೇಳುತ್ತಿಲ್ಲ. ಪ್ರಶ್ನೆ ಮನೆಯವರೆಗೆ ಮುಟ್ಟಬೇಕಾದರೆ ಮನೆಯ ಮಾತಿನಲ್ಲಿಯೇ ಕೇಳಬೇಕು ಎಂಬುದನ್ನು ಇವರೆಲ್ಲರೂ ಅರಿತಿದ್ದರು. ಆಗರಕರರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೆ ವಿಧವೆಯ ತಲೆ ಬೋಳಿಸುವ ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಓದುವವರಾರು? ಅದಕ್ಕಾಗಿ ಮರಾಠಿಯಲ್ಲಿ ಬರೆದರು. ಮರಾಠಿ ವಾಕ್ಯರಚನೆಯನ್ನು ಬಿಡಿಸಿ ತೋರಿಸುವ ‘ವಾಕ್ಯಮೀಮಾಂಸಾ’ ಎಂಬ ಶಾಸ್ತ್ರಗ್ರಂಥವನ್ನೂ ರಚಿಸಿದರು. ಸ್ಪಷ್ಟ ವಿಚಾರಕ್ಕೆ ಸ್ಪಷ್ಟ ವಾಕ್ಯ ಬೇಕೆಂದು ಬಲ್ಲ ಮಾಸ್ತರರು ಅವರು.

ಇಷ್ಟನ್ನೂ ಹೇಳಿ ನಮ್ಮ ಒಂದು ತಪ್ಪನ್ನು ಮುಚ್ಚಿಟ್ಟುಕೊಂಡು ಇಳಿದರೆ ಈ ಭಾಷಣ ಬರಿಯ ಮಾತಾದೀತು. ಬಹಳ ವರ್ಷಗಳ ಹಿಂದೆ, ಈ ಗಡಿಸೀಮೆಯದೇ ಬೇರೊಂದು ಊರಿನಲ್ಲಿ ನಾವು ಕಲಿಸುತ್ತಿದ್ದೆವು. ಒಂಬತ್ತನೆಯ ಇಯತ್ತೆಗೆ ಇತಿಹಾಸದ ಪಾಠ ಹೇಳುವಾಗ 1929ರ ಶಾರದಾ ಕಾಯ್ದೆಯ ಮಾತು ಬಂದಿತು. ಹುಡುಗಿಗೆ 14, ಹುಡುಗನಿಗೆ 18 ಎಂದು ಅಂದು ಗೊತ್ತುಮಾಡಿದ್ದನ್ನೂ, ಮುಂದೆ ಅದು 18 ಮತ್ತು 21 ಆದದ್ದನ್ನೂ ಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಆ ಕಾಯ್ದೆ ನಮ್ಮೂರಿಗೆ ಇನ್ನೂ ಬಂದಿಲ್ಲೇನ್ರಿ?” ತರಗತಿ ನಕ್ಕಿತು. ನಾವೂ ನಕ್ಕು, “ಅದು ಪರೀಕ್ಷೆಗೆ ಬರೂದಿಲ್ಲ, ಕೂಡು” ಎಂದೆವು. ದೀಪಾವಳಿಯ ರಜೆ ಮುಗಿದ ಮೇಲೆ ಆ ಹುಡುಗಿ ಬರಲಿಲ್ಲ. ಅವಳ ತಂದೆ ಲಗ್ನಪತ್ರಿಕೆ ಕೊಡಲು ಬಂದಾಗ ಕುಳ್ಳಿರಿಸಿ ಚಹಾ ಕೊಟ್ಟೆವು. ಲಗ್ನಕ್ಕೆ ಹೋಗಿ ಅಕ್ಷತೆ ಹಾಕಿ ಉಂಡು ಬಂದೆವು. ಅವಳು ಕೇಳಿದ್ದು ಪಾಠದ ಪ್ರಶ್ನೆಯಲ್ಲ, ಸಹಾಯ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ಕಾಯ್ದೆ ಆ ಊರಿಗೆ ಬಂದಿತ್ತು. ನಾವು ಅದಕ್ಕೆ ಬಾಗಿಲು ತೆರೆದಿರಲಿಲ್ಲ. ಆ ತಂದೆ ಕೆಟ್ಟವನಲ್ಲ. ಬಡತನ, ಸುಗ್ಗಿಗೆ ಗುಳೆ ಹೋಗುವ ಮನೆ, ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ದಿಗಿಲು. ಒಂದು ಮಾತು ಕೂಡ್ರಿಸಿ ಹೇಳಿದ್ದರೆ ಕೇಳುತ್ತಿದ್ದನೋ ಏನೋ. ಹೇಳಲೇ ಇಲ್ಲ ನಾವು.

ಶಾಲೆಯೆಂದರೆ ಏನೆಂಬುದಕ್ಕೆ ಅಂದಿನಿಂದ ನಮ್ಮ ಉತ್ತರ ಇಷ್ಟೇ: ಮಗು ಪ್ರಶ್ನೆ ಕೇಳಿದಾಗ ನಗದಿರುವ ಸ್ಥಳ. ಕನ್ನಡ ಶಾಲೆಯ ಬೆಲೆಯೂ ಇಲ್ಲಿಯೇ ಇದೆಯೆಂದು ನಮ್ಮ ನಂಬಿಕೆ. ಪರಭಾಷೆಯಲ್ಲಿ ಕಲಿತ ಪ್ರಶ್ನೆ ಶಾಲೆಯ ಗೇಟಿನಲ್ಲಿಯೇ ನಿಂತುಬಿಡಬಹುದು. ಮನೆಯ ಮಾತಿನಲ್ಲಿ ಕಲಿತ ಪ್ರಶ್ನೆ ಆಯಿ-ಮುತ್ಯಾರ ಹಾಸಿಗೆಯವರೆಗೂ ಹೋಗುತ್ತದೆ, ಉತ್ತರವನ್ನೂ ಬೇಡುತ್ತದೆ. ಹಾಗೆಂದು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೋ ಮರಾಠಿ ಶಾಲೆಗೋ ಹಾಕುವ ತಂದೆತಾಯಿಗಳನ್ನು ಇಲ್ಲಿ ನಿಂತು ನಿಂದಿಸುವವರು ನಾವಲ್ಲ. ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರದು. ಮಕ್ಕಳ ಹೊಟ್ಟೆಯ ಚಿಂತೆಯೂ ಅವರದೇ. ನಾವು ಮಾಡಬಹುದಾದದ್ದು ಒಲಿಸುವ ಕೆಲಸ, ಒಲಿಸಲು ತಕ್ಕಂಥ ಶಾಲೆ ನಡೆಸುವ ಕೆಲಸ. ಲೆಕ್ಕವನ್ನೂ ವಿಜ್ಞಾನವನ್ನೂ ಮರಾಠಿಯನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಸುವ, ಏಕೆ ಎಂದು ಕೇಳಲು ಹೆದರದ ಮಕ್ಕಳನ್ನು ಬೆಳೆಸುವ ಕನ್ನಡ ಶಾಲೆಗೆ ಮಕ್ಕಳು ಬಂದೇ ಬರುತ್ತಾರೆ.

ಗುರುಬಾಂಧವರಲ್ಲಿ ನಮ್ಮದೊಂದು ಬಿನ್ನಹ: ಪರೀಕ್ಷೆಗೆ ಬಾರದ ಪ್ರಶ್ನೆಗೂ ದಿನಕ್ಕೆ ಐದು ನಿಮಿಷ ಕೊಡಿರಿ. ತಾಯಂದಿರಲ್ಲಿ, ತಂದೆಯರಲ್ಲಿ ಇನ್ನೊಂದು: ಹತ್ತನೆಯ ಇಯತ್ತೆ ಮುಗಿಯಿತೆಂದು ಮಗಳ ಓದನ್ನು ನಿಲ್ಲಿಸಬೇಡಿರಿ, ಅವಳ ಬಾಳಿನ ಮಾತು ಬಂದಾಗ ಮೊದಲು ಅವಳನ್ನು ಕೇಳಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಮೂರನೆಯದು: ನೀವು ಕೊಡುವ ದೇಣಿಗೆಯಲ್ಲಿ ಒಂದು ಪಾಲು ಪುಸ್ತಕಗಳಿಗಿರಲಿ, ಆ ಕಪಾಟಿಗೆ ಕೀಲಿ ಹಾಕದಿರಲಿ. ಅಲ್ಲಿ ವಚನಗಳ ಮಗ್ಗುಲಲ್ಲಿ ಫುಲೆಯವರೂ ಆಗರಕರರೂ ಇರಲಿ.

ಈ ಶಾಲೆ ನೂರು ವರ್ಷ ಉತ್ತರಗಳನ್ನು ಕಲಿಸಿದೆ. ಇನ್ನು ಮೇಲೆ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಾಗ, ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು, “ಕೇಳವ್ವಾ” ಎನ್ನಲಿ. ಶತಮಾನೋತ್ಸವಕ್ಕೆ ನಾವು ಕೋರುವುದು ಇಷ್ಟೇ.